ಬ್ಯಾಕಪ್, ಬಿಲ್ ಪ್ರಿಂಟಿಂಗ್ ಸ್ಕ್ರಿಪ್ಟ್‌ಗಳ ಬದಲಾವಣೆ ಬಗ್ಗೆ

ಮಾನ್ಯ ಗ್ರಾಹಕರೇ,

ಹೊಸ ಅಪ್‌ಡೇಟ್ ಹಾಕಿದ ಮೇಲೆ ದಿನಾ ಎರರ್ ಮೆಸೇಜ್ ಬಂದು ನಿಮ್ಮಲ್ಲಿ ಹಲವರಿಗೆ ತೊಂದರೆಯಾಗಿದೆ. ಮುಂಚೆ ತಿಳಿಸದೆ ಬದಲಾಯಿಸಿದ್ದು ನಮ್ಮ ತಪ್ಪು, ಕ್ಷಮಿಸಿ. ಬದಲಾಯಿಸಿದ್ದೇ ತಪ್ಪು ಅಂದರೆ ಮಾತ್ರ ಒಪ್ಪುವುದಿಲ್ಲ.

ನಮ್ಮ ಸ್ಕ್ರಿಪ್ಟ್‌ಗಳು, ಅಂದರೆ ಪೈಥಾನ್ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಮುಗಳು, ಇಷ್ಟು ದಿನ ಹೊರಗಿನ ಕಮಾಂಡುಗಳನ್ನು ಪೈಥಾನಿನ ಓಎಸ್.ಸಿಸ್ಟಂ (os.system) ಮೂಲಕ ಓಡಿಸುತ್ತಿದ್ದವು. ಅದು ಇಡೀ ಸಾಲನ್ನು ಶೆಲ್ ಕೈಗೆ ಕೊಡುತ್ತದೆ. ಶೆಲ್ ಅಂದರೆ ಕಮಾಂಡ್ ಸಾಲನ್ನು ಓದಿ ಓಡಿಸುವ ಪ್ರೋಗ್ರಾಮು; &, ; ಥರದ ಚಿಹ್ನೆ ಕಂಡರೆ ಅಲ್ಲಿಗೆ ಒಂದು ಕಮಾಂಡ್ ಮುಗಿಯಿತು ಅಂದುಕೊಳ್ಳುತ್ತದೆ. ‘ರಾವ್&ಸನ್ಸ್.ಪಿಡಿಎಫ್’ ಪ್ರಿಂಟ್ ಮಾಡು ಅಂದರೆ ಶೆಲ್ ‘ರಾವ್’ ಅನ್ನುವ ಫೈಲನ್ನು ಪ್ರಿಂಟಿಗೆ ಕಳಿಸಲು ಹೋಗಿ, ‘ಸನ್ಸ್.ಪಿಡಿಎಫ್’ ಅನ್ನುವುದನ್ನೇ ಕಮಾಂಡ್ ಅಂದುಕೊಂಡು 127 (ಅಂಥ ಕಮಾಂಡ್ ಇಲ್ಲ) ಅನ್ನುತ್ತದೆ. ಯಾರಾದರೂ ಬೇಕೆಂದೇ ಹೆಸರಿನಲ್ಲಿ ‘;’ ಹಾಕಿ ಅಳಿಸುವ ಕಮಾಂಡ್ ಸೇರಿಸಿದ್ದರೆ ಅದೂ ಓಡುತ್ತಿತ್ತು. ಈಗ ಕಮಾಂಡನ್ನೂ ಫೈಲಿನ ಹೆಸರನ್ನೂ ಬಿಡಿಬಿಡಿಯಾಗಿ, ಪೈಥಾನಿನದೇ ಸಬ್‌ಪ್ರೊಸೆಸ್.ರನ್‌ಗೆ (subprocess.run) ಪಟ್ಟಿಯಾಗಿ ಕೊಡುತ್ತೇವೆ. ಹೆಸರಿನಲ್ಲಿ & ಇರಲಿ, ; ಇರಲಿ, ಅದು ಹೆಸರೇ. ಶೆಲ್ ನಡುವೆ ಬರುವುದಿಲ್ಲ.

“ಮೊದಲು ಚೆನ್ನಾಗೇ ನಡೀತಿತ್ತಲ್ಲ, ಈಗ್ಯಾಕೆ ದಿನಾ ಎರರ್ ಮೆಸೇಜು?” ಫೋನ್ ಮಾಡಿದವರೆಲ್ಲ ಕೇಳಿದ್ದು ಇದೇ. ನಡೀತಿರಲಿಲ್ಲ ಸ್ವಾಮಿ, ನಡೀತಿದೆ ಅಂತ ಕಾಣುತ್ತಿತ್ತು. ಬ್ಯಾಕಪ್‌ನಲ್ಲಿ ಡೇಟಾ ಹೊರತೆಗೆಯುವುದು ಮೈಎಸ್‌ಕ್ಯೂಎಲ್‌ಡಂಪ್ (mysqldump), ಅದನ್ನು ಚಿಕ್ಕದು ಮಾಡಿ ಕಟ್ಟಿಡುವುದು ಜಿಜಿಪ್ (gzip). ಮೊದಲನೆಯದರ ಔಟ್‌ಪುಟ್ ನೇರ ಎರಡನೆಯದಕ್ಕೆ ಹೋಗುವಂತೆ ಪೈಪ್ ಹಾಕಿದರೆ ಶೆಲ್ ಕೊಡುವುದು ಕೊನೆಯ ಕಮಾಂಡಿನ ಫಲಿತಾಂಶ ಮಾತ್ರ. ಪಾಸ್‌ವರ್ಡ್ ಬದಲಾಗಿ ಡಂಪ್ ಶುರುವಾಗದಿದ್ದರೂ ಜಿಜಿಪ್ ಬರೀ ಶೂನ್ಯವನ್ನೇ ಕಟ್ಟಿಟ್ಟು ‘ಆಯ್ತು, 0’ ಅನ್ನುತ್ತದೆ. 0 ಅಂದರೆ ತಪ್ಪಿಲ್ಲ ಅಂತ ಅರ್ಥ, ಬೇರೆ ಸಂಖ್ಯೆ ಬಂದರೆ ಸೋತಿತು ಅಂತ. ಅಂಥ ಫೈಲಿನ ತೂಕ 20 ಬೈಟು. ನಮ್ಮದೂ ಒಂದು ಎಡವಟ್ಟಿತ್ತು: ಲಿನಕ್ಸ್‌ನಲ್ಲಿ ಕಮಾಂಡ್ 1 ಅಂತ ಸೋತರೆ ಓಎಸ್.ಸಿಸ್ಟಂ ಅದನ್ನು 256 ಅಂತ ಕೊಡುತ್ತದೆ. ಅದನ್ನು ಹಾಗೇ ಸ್ಕ್ರಿಪ್ಟಿನ ಫಲಿತಾಂಶ ತಿಳಿಸಿ ಮುಗಿಸುವ ಸಿಸ್.ಎಕ್ಸಿಟ್‌ಗೆ (sys.exit) ಹಾಕಿದ್ದೆವು, ಕೆಳಗಿನ 8 ಬಿಟ್ ಮಾತ್ರ ಉಳಿದು 0 ಆಗಿಬಿಡುತ್ತಿತ್ತು. ಈಗ ಡಂಪ್, ಜಿಜಿಪ್ ಎರಡರ ರಿಟರ್ನ್ ಕೋಡನ್ನೂ (ಮುಗಿದಾಗ ಕೊಡುವ ಆ ಸಂಖ್ಯೆ) ಬೇರೆ ಬೇರೆ ನೋಡುತ್ತೇವೆ. ನಿಮಗೆ ಬರುತ್ತಿರುವುದು ಹೊಸ ಎರರ್ ಅಲ್ಲ, ಹಳೆಯದೇ.

ನೀವೇ ಕಮಾಂಡ್ ಬರೆದುಕೊಂಡಿದ್ದರೆ ಗಮನಿಸಿ: ಶೆಲ್ ಇಲ್ಲದ್ದರಿಂದ, ಅದು ಬಿಡಿಸಿಕೊಡುತ್ತಿದ್ದ *, ~, > ಚಿಹ್ನೆಗಳು ಕೆಲಸ ಮಾಡುವುದಿಲ್ಲ. ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ವ್ಯವಸ್ಥೆ) ಓಡುವುದಕ್ಕೆ ಪ್ರೋಗ್ರಾಮಿನ ಪೂರ್ತಿ ಪಾತ್, ಅಂದರೆ ಅದು ಇರುವ ಫೋಲ್ಡರಿನ ಸಮೇತ ಹೆಸರು, ಕೊಡಿ. 10 ನಿಮಿಷ ಮೀರಿದ ಕಮಾಂಡನ್ನು ಸ್ಕ್ರಿಪ್ಟೇ ನಿಲ್ಲಿಸುತ್ತದೆ; ನಿಮ್ಮ ಡೇಟಾ ದೊಡ್ಡದಿದ್ದರೆ ಹೇಳಿ, ಹೆಚ್ಚಿಸಿಕೊಡುತ್ತೇವೆ.

ಪೈಥಾನ್ ಪುಕ್ಕಟೆ, ವರ್ಷಾವರ್ಷ ನಿರ್ವಹಣೆಗೆ ದುಡ್ಡು ಯಾಕೆ ಅನ್ನುವವರಿಗೆ: ಇದು ಒಂದು ಪದ ಹುಡುಕಿ ಇನ್ನೊಂದು ಹಾಕುವ ಕೆಲಸವಲ್ಲ. ಪ್ರತಿ ಪೈಪು, ಪ್ರತಿ * ಬಿಡಿಸಿ ಬರೆಯಬೇಕು, ಅದೂ ಒಬ್ಬೊಬ್ಬರದು ಒಂದೊಂದು ಥರ. ದುಡ್ಡು ಹೋಗುವುದು ಇಲ್ಲಿಗೆ. ಆದರೂ ಈ ತಿದ್ದುಪಡಿಗೆ ಬೇರೆ ಬಿಲ್ ಹಾಕುವುದಿಲ್ಲ.

ಇವತ್ತೇ ಬ್ಯಾಕಪ್ ಫೋಲ್ಡರ್ ತೆರೆದು ಫೈಲುಗಳ ಗಾತ್ರ ನೋಡಿ. 20 ಬೈಟಿನದು ಒಂದಿದ್ದರೂ ಫೋನ್ ಮಾಡಿ. ಹೊಸ ಬ್ಯಾಕಪ್ ತೆಗೆದು, ನಿಮ್ಮೆದುರೇ ರಿಸ್ಟೋರ್ ಮಾಡಿ ತೋರಿಸುತ್ತೇವೆ.

ಇಂತಿ,
ನಿಮ್ಮ ಸಾಫ್ಟ್‌ವೇರ್ ನೋಡಿಕೊಳ್ಳುವವರು