ಬಾಗಿನಕ್ಕೆ ಡಿಕ್ರಿ ಇಲ್ಲ

ತುಮಕೂರು

ಚಿರಂಜೀವಿ ಪುಟ್ಟನಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಕಾಗದ ಬಂತು, ಜೊತೆಗಿಟ್ಟ, ತಂಗಿ ಹಾಕಿದ ಪಾಲಿನ ದಾವೆಯ ಸಮನ್ಸ್ ಪ್ರತಿಯನ್ನೂ ಓದಿದೆ. "ಒಡಹುಟ್ಟಿದವಳೇ ಕೋರ್ಟಿಗೆ ಎಳೆದಳು ಮಾವ, ನಾನೂ ಬಿಡಲ್ಲ, ಒಳ್ಳೆ ವಕೀಲರನ್ನು ಹೇಳಿ" ಎಂದಿದ್ದೀಯ. ಕೋರ್ಟಿನಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನಿಗೆ ವಕೀಲರು ಗೊತ್ತಿಲ್ಲದೆ ಏನು? ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ಮಾತು, ಸಿಟ್ಟಾಗಬೇಡ.

ನಿಮ್ಮಪ್ಪನ ವೈಕುಂಠ ಸಮಾರಾಧನೆಯ ದಿನ, ಇನ್ನೂ ಎಂಜಲೆಲೆ ಎತ್ತಿರಲಿಲ್ಲ, ಹಕ್ಕು ಬಿಡುಗಡೆ ಪತ್ರ ಹಿಡಿದು ತಂಗಿಯ ಮುಂದೆ ನಿಂತವನು ನೀನು ತಾನೆ? ನಾನು ಕೈ ತೊಳೆದು ಬರುವಷ್ಟರಲ್ಲಿ ಅವಳು ಅಡುಗೆಮನೆ ಸೇರಿ ಅಳುತ್ತಿದ್ದಳು. ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಹೋಗಲಿಲ್ಲ. ಸಾವಿನ ಮನೆ, ಹಬ್ಬವಿಲ್ಲ, ಸರಿ. ಮರುವರ್ಷವೂ ಹೋಗಲಿಲ್ಲವಲ್ಲ, ಅದಕ್ಕೇನು ಹೇಳುತ್ತೀಯ? ದಾವಾ ಅರ್ಜಿಯಲ್ಲಿ ತೋಟದ ಸರ್ವೆ ನಂಬರು, ಗುಂಟೆ, ಚಕ್ಕುಬಂದಿ ಎಲ್ಲ ಬರೆದಿದ್ದಾರೆ. ಬಾಗಿನದ ಮಾತು ಎಲ್ಲೂ ಇಲ್ಲ, ಬರೆಯಲು ಬರುವುದೂ ಇಲ್ಲ. ದಾವೆ ಹುಟ್ಟಿದ್ದು ಮಾತ್ರ ಅಲ್ಲಿಂದಲೇ.

ಕಾನೂನನ್ನೂ ತಿಳಿದುಕೋ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಉಳಿದಿದ್ದ ಗೊಂದಲವನ್ನು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮುಗಿಸಿತು. "ಮದುವೆಗೆ ಖರ್ಚು ಮಾಡಿದ್ದೇವೆ, ಒಡವೆ ಹಾಕಿದ್ದೇವೆ" ಎಂಬ ವಾದವೆಲ್ಲ ಜಗುಲಿ ಮೇಲೆ ನಡೆದೀತು. ಹಾಗಾಗಿ ಜಿದ್ದಿಗೆ ಬಿದ್ದರೆ ನಿನಗೆ ಸಿಗುವುದು ಒಂದೇ, ತಡ.

ಆ ತಡ ಎಂಥದ್ದು ಅಂತ ನನ್ನನ್ನು ಕೇಳು. ಪಾಲಿನ ದಾವೆಯಲ್ಲಿ ಮೊದಲು ಪ್ರಾಥಮಿಕ ಡಿಕ್ರಿ, ಯಾರಿಗೆ ಎಷ್ಟು ಭಾಗ ಎಂದು. ಆಮೇಲೆ ಎಫ್‌ಡಿಪಿ (ಅಂತಿಮ ಡಿಕ್ರಿಯ ನಡಾವಳಿ) ಎಂದು ಇನ್ನೊಂದು ಸುತ್ತು, ಅಳತೆ ಮಾಡಿಸಿ ಯಾವ ತುಂಡು ಯಾರಿಗೆ ಎಂದು. ನಡುವೆ ಅಪೀಲು. ಅಣ್ಣತಮ್ಮಂದಿರ ಒಂದು ಕಡತ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇಬ್ಬರೂ ತೀರಿಹೋಗಿ, ವಾರಸುದಾರರನ್ನು ಸೇರಿಸುವ ಅರ್ಜಿಗಳಿಂದಲೇ ಅರ್ಧ ಕಟ್ಟು ತುಂಬಿತ್ತು. ತಕರಾರು ಬಂಡಿಜಾಡಿನದು. ಅಷ್ಟು ಹೊತ್ತಿಗೆ ಆ ಊರಲ್ಲಿ ಬಂಡಿಯೇ ಉಳಿದಿರಲಿಲ್ಲ.

ಅದಕ್ಕೇ ಹೇಳುವುದು, ಮೊದಲ ವಾಯಿದೆಗೇ ಹಾಜರಾಗಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನಂತೆ ಮಧ್ಯಸ್ಥಿಕೆಗೆ ಕಳಿಸಬೇಕೆಂದು ವಕೀಲರಿಂದ ಕೇಳಿಸು. ಬೆಂಗಳೂರಿನ ನ್ಯಾಯದೇಗುಲದಲ್ಲಿ 2007ರಲ್ಲಿ ಮಧ್ಯಸ್ಥಿಕೆ ಕೇಂದ್ರ ಶುರುವಾದಾಗ, ಕೋರ್ಟಿನೊಳಗೇ ಅರಳಿಕಟ್ಟೆ ಬಂತು ಎಂದು ನಾವು ಸಿಬ್ಬಂದಿಯವರು ನಕ್ಕಿದ್ದೆವು. ಹಳೇ ಕೇಸುಗಳು ನಾಲ್ಕು ಸಲ ಕೂತು ಮಾತಾಡಿ ರಾಜಿಯಾಗಿ ವಾಪಸು ಬರತೊಡಗಿದ ಮೇಲೆ ನಗು ನಿಂತಿತು. ನಿಯಮದಲ್ಲಿ 60 ದಿನದ ಅವಧಿ ಇದೆ, ಬೇಕಾದರೆ ಕೋರ್ಟು ಇನ್ನು 30 ದಿನ ಕೊಡುತ್ತದೆ. ಕೋರ್ಟು ಕಳಿಸಿದ ಕೇಸಿಗೆ ಮಧ್ಯಸ್ಥರಿಗೆ ನೀನು ಫೀಸು ಕೊಡಬೇಕಿಲ್ಲ. ಅವರು ತೀರ್ಪು ಹೇಳುವುದಿಲ್ಲ. ಇಬ್ಬರನ್ನೂ ಕೂರಿಸಿ ಕೇಳುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಬೇರೆಯಾಗಿ ಹೇಳಿದ್ದನ್ನು ನಿನ್ನ ಒಪ್ಪಿಗೆಯಿಲ್ಲದೆ ಆ ಕಡೆಗೆ ದಾಟಿಸುವುದಿಲ್ಲ. ರಾಜಿಯಾಗದೆ ಕೇಸು ಹಿಂದಕ್ಕೆ ಬಂದರೂ ಅಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ಎತ್ತುವಂತಿಲ್ಲ. ಬಾಯಿ ಬಿಟ್ಟು ಮಾತಾಡು.

"ನೀವೇ ಕೂತು ಹೇಳಿಬಿಡಿ ಮಾವ" ಎಂದು ಬರೆದಿದ್ದೀಯ. ನಾನು ಕೂರುವುದಿಲ್ಲ. ಊರಿಗೆ ಬಂದರೆ ನಿಮ್ಮ ಮನೆಯಲ್ಲೇ ಉಣ್ಣುವವನು ನಾನು. ನನ್ನ ಮಾತು ಅವಳಿಗೆ ನಿನ್ನ ಮಾತಿನಂತೆಯೇ ಕೇಳಿಸುತ್ತದೆ.

ಅಲ್ಲಿಗೆ ಹೋದಾಗ ಗುಂಟೆ ಲೆಕ್ಕಕ್ಕೆ ಜೋತು ಬೀಳಬೇಡ. ಕೆಳಗಿನ ತೋಟದ ಮರ ಫಸಲು ಬಿಡುತ್ತವೆ, ಮೇಲಿನವು ನುಸಿ ಬಿದ್ದು ಸೊರಗಿವೆ. ಅಳತೆಯಲ್ಲಿ ಎರಡೂ ಒಂದೇ, ಕೊಬ್ಬರಿಯಲ್ಲಿ ಅಲ್ಲ. ಬೋರ್‌ವೆಲ್ ಯಾರ ಭಾಗಕ್ಕೆ, ಆ ಮೀಟರಿನ ಆರ್.ಆರ್. ನಂಬರು ಯಾರ ಹೆಸರಿಗೆ, ವಾರದಲ್ಲಿ ಯಾರಿಗೆ ಯಾವ ದಿನ ನೀರು, ತೋಟಕ್ಕೆ ದಾರಿ ಎಷ್ಟು ಅಡಿ, ಎಲ್ಲವನ್ನೂ ಬರೆಸು. ನಿಮ್ಮಮ್ಮ, ನನ್ನ ಅಕ್ಕ, ಇರುವ ತನಕ ಮನೆ ಅವಳದೇ ಎಂದೂ ಬರೆಸು, ಇದು ನನ್ನ ಸ್ವಾರ್ಥ. ರಾಜಿ ಪತ್ರಕ್ಕೆ ಇಬ್ಬರೂ ಸಹಿ ಹಾಕಿ ಕೋರ್ಟು ಡಿಕ್ರಿ ಮಾಡಿತೆಂದರೆ ಅಲ್ಲಿಗೆ ಮುಗಿಯಿತು, ಒಪ್ಪಿ ಪಡೆದ ಡಿಕ್ರಿಗೆ ಅಪೀಲಿಲ್ಲ. ಹಾಗೆಂದೇ ಸಹಿಗೆ ಮುಂಚೆ ಎರಡು ಸಲ ಓದು. ಲೋಕ ಅದಾಲತ್ತಿನಲ್ಲಿ ಮುಗಿದರೂ ಅಷ್ಟೇ ಗಟ್ಟಿ, ಕಟ್ಟಿದ ಕೋರ್ಟ್ ಫೀ ಕೂಡ ವಾಪಸು. ಆದರೆ ಅಲ್ಲಿ ಒಂದೇ ದಿನಕ್ಕೆ ರಾಶಿ ಕೇಸು. ನಿಮ್ಮಿಬ್ಬರ ಎರಡು ವರ್ಷದ ಮುನಿಸನ್ನು ಕೂತು ಕೇಳಲು ಪುರುಸೊತ್ತು ಇರುವುದಿಲ್ಲ. ಊರಿನವರು ಸೇರಿಸಿ ಬಿಳಿ ಹಾಳೆಯಲ್ಲಿ ಪಾಲುಪಾರಿಖತ್ತು ಬರೆಸೋಣ ಎಂದರೆ ಒಪ್ಪಬೇಡ. ಆ ಪತ್ರದಿಂದಲೇ ಪಾಲು ಆಗುವುದಾದರೆ ಅದು ನೋಂದಣಿಯಾಗಬೇಕು. ಇಲ್ಲದಿದ್ದರೆ ನಿನ್ನ ಮಕ್ಕಳ ಕಾಲಕ್ಕೆ ಹೊಸ ಕೇಸು.

ಕೊಬ್ಬರಿ ವ್ಯಾಪಾರದ ಪಾಲುದಾರನ ಜಗಳವೂ ಹೀಗೇ ಮುಗಿದೀತೇ ಎಂದು ಕೇಳಿದ್ದೀಯ. ಅದು ಬೇರೆ ದಾರಿ. ನಿಮ್ಮ ಪಾಲುದಾರಿಕೆ ಪತ್ರದಲ್ಲಿ ಆರ್ಬಿಟ್ರೇಷನ್ ಷರತ್ತು ಇದೆ, ಕೋರ್ಟಿಗೆ ಹೋದರೂ ಎದುರಿನವನು ಅದನ್ನು ತೋರಿಸಿದರೆ ಅಲ್ಲಿಗೇ ಕಳಿಸುತ್ತಾರೆ. ಆರ್ಬಿಟ್ರೇಟರ್ ಎಂದರೆ ನೀವೇ ದುಡ್ಡು ಕೊಟ್ಟು ಕೂರಿಸಿಕೊಂಡ ನ್ಯಾಯಾಧೀಶ. ಕೇಳಿ ತೀರ್ಪು ಕೊಡುತ್ತಾರೆ, ಅದು ಡಿಕ್ರಿಯಷ್ಟೇ ಬಿಗಿ. ಹಿಡಿಸದಿದ್ದರೆ ಮೂರು ತಿಂಗಳೊಳಗೆ ಕೋರ್ಟಿಗೆ ಹೋಗಬಹುದು, ಆದರೆ ಕಾರಣಗಳು ಬಲು ಕಡಿಮೆ. ಆರ್ಬಿಟ್ರೇಟರನ್ನು ಅವನೊಬ್ಬನೇ ನೇಮಿಸುತ್ತಾನೆ ಎಂದು ಪತ್ರದಲ್ಲಿದ್ದರೆ ಹೆದರಬೇಡ. 2019ರಿಂದ ಅಂಥ ಷರತ್ತನ್ನು ಸುಪ್ರೀಂ ಕೋರ್ಟು ಒಪ್ಪುತ್ತಿಲ್ಲ. ಅವನ ಜೊತೆ ಬೇಕಾದರೆ ಜಗಳವಾಡು, ಅವನಿಗೆ ನೀನು ಬಾಗಿನ ಕೊಡಬೇಕಿಲ್ಲ.

ನಿನ್ನ ವಾಯಿದೆ ಇರುವುದು ಹಬ್ಬ ಕಳೆದ ಮೇಲೆ. ಅಕ್ಕನ ಕೈಲಿ ಮೊರದ ಬಾಗಿನ ಕಟ್ಟಿಸಿ ನೀನೇ ತೆಗೆದುಕೊಂಡು ಹೋಗು, ಡ್ರೈವರ್ ಕೈಲಿ ಕಳಿಸಬೇಡ. ಕೇಸಿನ ಸುದ್ದಿ ಎತ್ತಬೇಡ. ಅವಳು ಬಾಗಿಲಲ್ಲೇ ನಿಲ್ಲಿಸಿದರೆ ನಿಂತುಕೋ.

ಅಕ್ಕನಿಗೆ ಕನ್ನಡಕ ಬದಲಾಯಿಸುವ ತನಕ ಈ ಕಾಗದ ನೀನೇ ಓದಿ ಹೇಳು. ಬಿಡುಗಡೆ ಪತ್ರದ ಭಾಗ ಹಾರಿಸಬೇಡ, ಫೋನು ಮಾಡಿ ಕೇಳುತ್ತೇನೆ.

ಇಂತಿ
ನಿನ್ನ ಮಾವ