ಪಕ್ಕಿಯಾವ್ ಒಬ್ಬರೇ ಫಿಲಿಪೀನ್ಸ್ ಬಾಕ್ಸಿಂಗ್ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಬಾಕ್ಸರ್ ಮ್ಯಾನಿ ಪಕ್ಕಿಯಾವ್ ರಿಂಗಿಗೆ ಇಳಿದರೆ ಮಾತ್ರ ಫಿಲಿಪೀನ್ಸ್ ಜನ ಬಾಕ್ಸಿಂಗ್ ನೋಡ್ತಾರೆ, ಇಲ್ಲದಿದ್ದರೆ ಟಿವಿ ರೇಟಿಂಗ್ ಬಿದ್ದುಹೋಗುತ್ತದೆ ಅನ್ನುವ ಮಾತು ಕ್ರೀಡಾ ಪುಟಗಳಲ್ಲಿ ಆಗಾಗ ಬರುತ್ತದೆ. 2025ರ ಜುಲೈಯಲ್ಲಿ ಅವರು 46ನೇ ವಯಸ್ಸಿನಲ್ಲಿ ವಾಪಸ್ ಬಂದು ಮಾರಿಯೊ ಬ್ಯಾರಿಯೋಸ್ ಜೊತೆ ಡ್ರಾ ಮಾಡಿಕೊಂಡಾಗಲೂ ಇದೇ ಮಾತು ಕೇಳಿದೆ. ನಾನು ದುಬೈಯ ಒಂದು ಹೋಟೆಲಿನ ಲಾಂಡ್ರಿಯಲ್ಲಿ ವರ್ಷಗಟ್ಟಲೆ ಫಿಲಿಪೀನ್ಸ್ ಹುಡುಗರ ಜೊತೆ ಕೆಲಸ ಮಾಡಿದವನು. ಅವರನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಈ ಪತ್ರ.

2012ರ ಡಿಸೆಂಬರ್, ಮೆಕ್ಸಿಕೊದ ಮಾರ್ಕೆಜ್ ಜೊತೆ ಪಕ್ಕಿಯಾವ್ ಅವರ ನಾಲ್ಕನೇ ಪಂದ್ಯ. ಲಾಸ್ ವೇಗಸ್‌ನಲ್ಲಿ ಶನಿವಾರ ರಾತ್ರಿ ಅಂದರೆ ನಮಗೆ ಭಾನುವಾರ ಬೆಳಗ್ಗೆ, ಮತ್ತು ಆಗ ದುಬೈಯಲ್ಲಿ ಭಾನುವಾರ ಕೆಲಸದ ದಿನ. ರಾತ್ರಿ ಪಾಳಿ ಮುಗಿಸಿದವರೆಲ್ಲ ನಿದ್ದೆ ಬಿಟ್ಟು ಸತ್ವಾದ ಒಂದು ಸಣ್ಣ ಫಿಲಿಪಿನೊ ಹೋಟೆಲಿಗೆ ಓಡಿದೆವು. ಗೋಡೆಯ ಮೇಲೆ ಒಂದೇ ಟಿವಿ. ಕೂರಲು ಜಾಗವಿಲ್ಲ, ಬಾಗಿಲ ಹೊರಗೂ ಜನ, ಒಳಗೆಲ್ಲ ಅವರ ಹುಳಿ ಸಾರು ಸಿನಿಗಾಂಗ್‌ನ ವಾಸನೆ. ಆರನೇ ಸುತ್ತು ಮುಗಿಯಲು ಒಂದು ಸೆಕೆಂಡ್ ಇತ್ತು, ಮಾರ್ಕೆಜ್‌ನ ಬಲಗೈ ಹೊಡೆತಕ್ಕೆ ಪಕ್ಕಿಯಾವ್ ಮುಖ ಅಡಿಯಾಗಿ ಬಿದ್ದರು. ನನಗೆ ಚಿಲ್ಲರೆ ಕೊಡಲು ಬಂದಿದ್ದ ಹೆಂಗಸಿನ ಕೈ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು. ಐದು ದಿರ್ಹಮ್ ನೋಟು ಆ ಕೈಯಲ್ಲಿ ನಡುಗುತ್ತಿತ್ತು. ಯಾರೂ ಒಂದು ಮಾತಾಡಲಿಲ್ಲ. ನಾವೆಲ್ಲ ಕುಯಾ ಅಂತ ಕರೆಯುತ್ತಿದ್ದ, ಅಂದರೆ ನಮ್ಮಲ್ಲಿ ಅಣ್ಣ ಅಂದ ಹಾಗೆ, ಲಾಂಡ್ರಿಯ ಹಿರಿಯ ಒಬ್ಬ ಗೋಡೆಗೆ ಮುಖ ಮಾಡಿ ಅತ್ತ.

ಅಷ್ಟು ಜನರನ್ನು ಯಾವ ರೇಟಿಂಗ್ ಮೀಟರ್ ಎಣಿಸಿತು ಹೇಳಿ?

ಲೆಕ್ಕ ತಪ್ಪುವುದೇ ಇಲ್ಲಿ. ರೇಟಿಂಗ್ ಮೀಟರ್ ಇರುವುದು ಆಯ್ದ ಕೆಲವು ಮನೆಗಳಲ್ಲಿ. ಆದರೆ ಫಿಲಿಪೀನ್ಸಿನಲ್ಲಿ ದೊಡ್ಡ ಪಂದ್ಯ ಅಂದರೆ ಜನ ಮನೆಯಲ್ಲಿ ಕೂರುವುದಿಲ್ಲ. ಊರಿನ ಬಾಸ್ಕೆಟ್‌ಬಾಲ್ ಅಂಕಣದ ಸೂರಿನಡಿ ಪರದೆ ಕಟ್ಟಿ ನೋಡ್ತಾರೆ, ಸಿನಿಮಾ ಮಂದಿರದಲ್ಲಿ ಟಿಕೆಟ್ ಕೊಟ್ಟು ನೋಡ್ತಾರೆ. ಆ ಹೊತ್ತಿನಲ್ಲಿ ರಸ್ತೆ ಖಾಲಿ, ಕಳ್ಳತನ ಕೂಡ ಕಡಿಮೆ ಅಂತ ಮನಿಲಾ ಪೊಲೀಸರೇ ಹೇಳುತ್ತಿದ್ದರು. 2015ರ ಮೇನಲ್ಲಿ ಅಮೆರಿಕದ ಬಾಕ್ಸರ್ ಮೇವೆದರ್ ಜೊತೆ ಪಕ್ಕಿಯಾವ್ ಪಂದ್ಯವಾದಾಗ ಅಮೆರಿಕದಲ್ಲಿ ದುಡ್ಡು ಕೊಟ್ಟು ನೋಡುವ ಪ್ರಸಾರ 46 ಲಕ್ಷ ಮಾರಾಟವಾಯಿತು. ಅದೂ ಹಾಗೇ. ಒಂದು ಮನೆ ಕೊಂಡರೆ ಒಂದು ಲೆಕ್ಕ, ಆ ಮನೆಯ ಸೋಫಾ ಮೇಲೆ ಇಪ್ಪತ್ತು ನೆಂಟರು ಕೂತಿದ್ದರೂ ಒಂದೇ. ಫಿಲಿಪೀನ್ಸಿನಲ್ಲಿ ದೊಡ್ಡ ಮೂರು ವಾಹಿನಿಗಳೂ ಅದನ್ನು ತಡವಾಗಿ ತೋರಿಸಿದವು. ಇಂಥ ತಡದ ಪ್ರಸಾರದಲ್ಲಿ ಸುತ್ತಿಗೊಂದು ರಾಶಿ ಜಾಹೀರಾತು ಬೇರೆ. ಅಷ್ಟರಲ್ಲಿ ಯಾರು ಗೆದ್ದರು ಅಂತ ಫೋನಿನಲ್ಲಿ ಬಂದಾಗಿರುತ್ತದೆ. ಹಾಗೆ ಬರುವ ರೇಟಿಂಗನ್ನು ಅಭಿಮಾನದ ಅಳತೆ ಅನ್ನುವುದು ಸರಿಯಲ್ಲ.

ಟಿವಿಗಾಗಿ ಸಮಯ ಬದಲಾಯಿಸಿದ್ದು ಇವತ್ತಿನ ಕಥೆಯೂ ಅಲ್ಲ ಬಿಡಿ. 1975ರ ಅಕ್ಟೋಬರ್ 1ರಂದು ಮನಿಲಾ ಪಕ್ಕದ ಕೆಜಾನ್ ಸಿಟಿಯ ಅರನೆಟಾ ಕೊಲಿಸಿಯಂ ಕ್ರೀಡಾಂಗಣದಲ್ಲಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಬೆಳಗ್ಗೆಯ ಸೆಕೆಯಲ್ಲಿ ಹೊಡೆದಾಡಿದ್ದು ಅಮೆರಿಕದವರಿಗೆ ರಾತ್ರಿ ನೋಡಲು ಸಿಗಲಿ ಅಂತ. ಅದೇ ಕೊಲಿಸಿಯಂ 1960ರಲ್ಲಿ ತೆರೆದದ್ದು ಫಿಲಿಪೀನ್ಸಿನವನೇ ಆದ ಫ್ಲ್ಯಾಶ್ ಎಲೋರ್ದೆಯ ಪಂದ್ಯದಿಂದ, ಅವತ್ತು ಆತ ಹೆರಾಲ್ಡ್ ಗೋಮ್ಸ್‌ನನ್ನು ಏಳನೇ ಸುತ್ತಿನಲ್ಲಿ ಮಲಗಿಸಿ ವಿಶ್ವ ಚಾಂಪಿಯನ್ ಆದ. ಅಂದರೆ ಪಕ್ಕಿಯಾವ್ ಹುಟ್ಟುವುದಕ್ಕೆ 18 ವರ್ಷ ಮೊದಲೇ ಈ ಹುಚ್ಚು ಇತ್ತು.

ಇನ್ನೊಂದು ವಿಷಯ, ನನಗೆ ಜಾಸ್ತಿ ನೋವಾಗುವುದು ಇದೇ. ಟಿವಿ ಕೈಬಿಟ್ಟರೆ ಬರೀ ರೇಟಿಂಗ್ ಬೀಳುವುದಿಲ್ಲ, ಗರಡಿಯೇ ಮುಚ್ಚುತ್ತದೆ. ಫಿಲಿಪೀನ್ಸಿನ ಸೆಬು ನಗರದ ಎಎಲ್‌ಎ ಜಿಮ್ ಹೆಸರು ಬಾಕ್ಸಿಂಗ್ ನೋಡುವವರಿಗೆ ಗೊತ್ತು. ಅವರ ಪಂದ್ಯಗಳನ್ನು ಎಬಿಎಸ್-ಸಿಬಿಎನ್ ವಾಹಿನಿ ತೋರಿಸುತ್ತಿತ್ತು. 2020ರಲ್ಲಿ ಆ ವಾಹಿನಿಗೆ ಸಂಸತ್ತು ಪರವಾನಗಿ ಮುಂದುವರಿಸಲಿಲ್ಲ, ಮೇಲಿಂದ ಕೊರೋನಾ. ಅದೇ ವರ್ಷ ಆಗಸ್ಟಿನಲ್ಲಿ ಎಎಲ್‌ಎಯವರೂ ಬಾಗಿಲು ಹಾಕಿದರು. ಅಲ್ಲಿ ಪಳಗಿದ ಹುಡುಗರಲ್ಲಿ ಮೆಲ್ವಿನ್ ಜೆರುಸಲೆಮ್ ಒಬ್ಬ. ಪಕ್ಕಿಯಾವ್ ಹುಟ್ಟಿದ ಬುಕಿದ್ನೊನ್ ಪ್ರಾಂತ್ಯದವನೇ. 47 ಕೆಜಿ 600 ಗ್ರಾಂ ತೂಕದ ವಿಭಾಗದಲ್ಲಿ 2024ರ ಮಾರ್ಚ್‌ನಲ್ಲಿ ಜಪಾನಿನ ನಗೋಯಾಕ್ಕೆ ಹೋಗಿ, ಜಪಾನಿನವನೇ ಆದ ಯುದಾಯ್ ಶಿಗೆಒಕಾನನ್ನು ಅವನ ಜನರ ಎದುರೇ ಸೋಲಿಸಿ ಡಬ್ಲ್ಯುಬಿಸಿ, ಅಂದರೆ ವಿಶ್ವ ಬಾಕ್ಸಿಂಗ್ ಮಂಡಳಿಯ, ವಿಶ್ವ ಪಟ್ಟ ತಂದ. ನಾಲ್ಕು ತಿಂಗಳಲ್ಲಿ ಫಿಲಿಪೀನ್ಸಿನ ಇನ್ನೊಬ್ಬ ಬಾಕ್ಸರ್ ಪೆಡ್ರೊ ತಾದುರಾನ್ ಕೂಡ ಜಪಾನಿಗೇ ಹೋಗಿ ಶಿಗೆಒಕಾನ ತಮ್ಮ ಗಿಂಜಿರೋನನ್ನು ಸೋಲಿಸಿದ. ಅಣ್ಣತಮ್ಮ ಇಬ್ಬರ ಪಟ್ಟವೂ ಫಿಲಿಪೀನ್ಸಿಗೆ ಬಂತು! ನಮ್ಮ ಯಾವ ಪತ್ರಿಕೆಯಲ್ಲೂ ನನ್ನ ಕಣ್ಣಿಗೆ ಇದರ ಒಂದು ಸಾಲೂ ಬೀಳಲಿಲ್ಲ.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಫಿಲಿಪೀನ್ಸ್ ಬಾಕ್ಸರ್ ಕಾರ್ಲೊ ಪಾಲಮ್ ಚಿಕ್ಕವನಿದ್ದಾಗ ಕಾಗಯನ್ ದೆ ಒರೊದ ಕಸದ ಗುಡ್ಡೆಯಲ್ಲಿ ಗುಜರಿ ಆಯುತ್ತಿದ್ದ ಹುಡುಗ. ಅಲ್ಲಿನದೇ ಮಹಿಳಾ ಬಾಕ್ಸರ್ ನೆಸ್ತಿ ಪೆಟೆಸಿಯೊ ಟೋಕಿಯೊದಲ್ಲಿ ಬೆಳ್ಳಿ, ಪ್ಯಾರಿಸ್‌ನಲ್ಲಿ ಕಂಚು ತಂದಳು. ಮೇರಿ ಕೋಮ್‌ಗಾಗಿ ಬೆಳಗಿನ ಜಾವ ಎದ್ದು ಟಿವಿ ಹಾಕಿದ ನಮಗೆ ಇವರ ಕಥೆ ಬೇಡ ಅನಿಸುತ್ತದಾ? ನನಗಂತೂ ಹಾಗೆ ಅನಿಸುವುದಿಲ್ಲ.

ಸಣ್ಣ ತೂಕದ ಪಂದ್ಯಗಳಿಗೆ ನಮ್ಮಲ್ಲಿ ನೋಡುವವರಿಲ್ಲ ಅಂತ ಕ್ರೀಡಾ ವಾಹಿನಿಯವರು ಹೇಳಬಹುದು. ತೋರಿಸದೆ ಹೇಗೆ ಗೊತ್ತಾಗುತ್ತದೆ? ಕಬಡ್ಡಿಗೂ ಹಾಗೇ ಹೇಳುತ್ತಿದ್ದರು, 2014ರಲ್ಲಿ ಪ್ರೊ ಕಬಡ್ಡಿ ಟಿವಿಗೆ ಬಂದ ಮೇಲೆ ಮನೆಮನೆಯಲ್ಲಿ ನೋಡಿದರು ಅಲ್ವಾ. ನಿಮ್ಮ ಕ್ರೀಡಾ ಪುಟದ ಹುಡುಗರಿಗೆ ಹೇಳಿ, ಜೆರುಸಲೆಮ್ ಅಥವಾ ತಾದುರಾನ್ ಮುಂದೆ ರಿಂಗಿಗೆ ಇಳಿದಾಗ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ನೋಡಬಹುದು ಅಂತ ಹಿಂದಿನ ದಿನವೇ ಎರಡು ಸಾಲು ಹಾಕಲಿ. ಕುಯಾ ಈಗ ಊರಿಗೆ ಹೋಗಿದ್ದಾನೆ, ಪಂದ್ಯದ ದಿನ ಈಗಲೂ ನನಗೆ ಮೆಸೇಜ್ ಹಾಕುತ್ತಾನೆ. ಎಲ್ಲರಿಗೂ ಒಬ್ಬ ಕುಯಾ ಇರುವುದಿಲ್ಲವಲ್ಲ.

ನಿಮ್ಮ ಹಳೆಯ ಓದುಗ,
ಕುಂದಾಪುರ