ಶನಿವಾರದ ಚರ್ಚೆಗೆ: ಹಿಂಜರಿತದಲ್ಲಿ ತರಬೇತಿ ಹಣ

ಗೆಳೆಯರೇ, ಶನಿವಾರ ಅಮೆರಿಕದ 2009ರ ಉತ್ತೇಜನ ಕಾಯ್ದೆಯ ಬಗ್ಗೆ, ಅಂದರೆ ಆರ್ಥಿಕ ಹಿಂಜರಿತದಿಂದ ಹೊರಬರಲು ಸರ್ಕಾರ ಹಣ ಸುರಿದ ಕಾಯ್ದೆಯ ಬಗ್ಗೆ ಮಾತಾಡೋಣ. ರಸ್ತೆ, ಸೇತುವೆಗಳ ಮಾತು ಸಾಕು, ಈ ಸಲ ತರಬೇತಿಗೆ ಹೋದ ಹಣ ನೋಡೋಣ. ಕೆಲಸ ಕಳೆದುಕೊಂಡವರ ಮರುತರಬೇತಿ ಮತ್ತು ನೆರವಿಗೆ 125 ಕೋಟಿ ಡಾಲರ್, ಯುವಕರಿಗೆ 120 ಕೋಟಿ, ಹಸಿರು ಉದ್ಯೋಗದ (ಪರಿಸರಸ್ನೇಹಿ ಕೆಲಸಗಳ) ಕೌಶಲಗಳಿಗೆ 50 ಕೋಟಿ.

ಯುವಕರ ಹಣದಲ್ಲಿ ಬಹಳಷ್ಟು ಬೇಸಿಗೆ ಕೆಲಸಗಳಿಗೇ ಹೋಯಿತು. ವಯಸ್ಸಿನ ಮಿತಿಯನ್ನೂ 21ರಿಂದ 24ಕ್ಕೆ ಏರಿಸಿದ್ದರು. ಅದು ಒಳ್ಳೆಯದೇ. ಆದರೆ ಆ ಅಕ್ಟೋಬರ್‌ನಲ್ಲಿ ನಿರುದ್ಯೋಗ ಶೇ. 10 ಮುಟ್ಟಿತ್ತು. ಕೆಲಸವೇ ಇಲ್ಲದಾಗ ಸರ್ಟಿಫಿಕೇಟ್ ಹಿಡಿದು ಹೋಗೋದೆಲ್ಲಿಗೆ? ಹಾಗಂತ ಸುಮ್ನೆ ಮನೇಲಿ ಕೂರೋದಕ್ಕಿಂತ ಕಲಿಯೋದು ವಾಸಿ ಅಲ್ವಾ? ನನ್ನ ಒಲವು ಈ ಕಡೆಗೇ. ಒಪ್ಪದವರು ವಾದ ಸಿದ್ಧ ಮಾಡಿಕೊಂಡು ಬನ್ನಿ. ದಯವಿಟ್ಟು ಫಾರ್ವರ್ಡ್ ಮೆಸೇಜ್ ಬೇಡ.